ಎಂಟು ಕಾಲಿನ ಎಸ್‌ಎ612: ಒಂದು ವರ್ಷ ಬಳಸಿದ್ಮೇಲೆ ಬರೀತಿರೋ ರಿವ್ಯೂ

ಮೊದಲೇ ಹೇಳ್ಬಿಡ್ತೀನಿ, ನಂಗೆ ಈ ಐಸಿ ಅಂದ್ರೆ ಪ್ರಾಣ, ಆದ್ರೂ ಎಲ್ರೂ ಕಣ್ಮುಚ್ಕೊಂಡು ತಗೊಳ್ಳಿ ಅನ್ನಲ್ಲ. ರೇಡಿಯೋ ಒಳಗೆ ಏನು ನಡೆಯತ್ತೆ ಅಂತ ಕೈಯಾರೆ ಮಾಡಿ ತಿಳ್ಕೋಬೇಕು ಅನ್ನೋರಿಗೆ ಇದಕ್ಕಿಂತ ಒಳ್ಳೆ ಐಸಿ ನಾನಂತೂ ನೋಡಿಲ್ಲ. ಸಂಜೆ ಹೊತ್ತು, ಬ್ಯಾಂಡ್ ತುಂಬಿ ತುಳುಕೋವಾಗ, ಪಕ್ಕದಲ್ಲಿ ದೊಡ್ಡ ಸ್ಟೇಷನ್ ಕೂಗ್ತಿರೋವಾಗಲೂ ಕ್ಲೀನಾಗಿ ಕೇಳಿಸ್ಬೇಕು ಅನ್ನೋರಿಗೆ ಮಾತ್ರ ಇದೊಂದೇ ಸಾಲದು. ಯಾಕೆ ಸಾಲದು ಅನ್ನೋದು ಗೊತ್ತಾಗಿದ್ದೇ ಈ ವರ್ಷ ನಾನು ಕಲಿತ ದೊಡ್ಡ ವಿಷಯ, ಅದನ್ನ ಬರೆಯೋಕೇ ಕೂತಿರೋದು.

ಎಸ್‌ಎ612ಎ ಅಂದ್ರೆ ಎಂಟು ಕಾಲಿನ ಪುಟ್ಟ ಮಿಕ್ಸರ್ ಐಸಿ, ಅಂದ್ರೆ ಎರಡು ಸಿಗ್ನಲ್ ಬೆರೆಸಿ ಬೇರೆ ಫ್ರೀಕ್ವೆನ್ಸಿಗೆ ತರೋದು, ಒಳಗೆ ಆಸಿಲೇಟರ್ (ತಾನೇ ಒಂದು ಅಲೆ ಹುಟ್ಟಿಸೋ ಭಾಗ) ಕೂಡ ಇದೆ. ಹಳಬರು ಇದನ್ನ ಎನ್‌ಇ602 ಅಂತಲೇ ಕರೀತಾರೆ. 1972ರಲ್ಲಿ 555 ಟೈಮರ್ ತಂದಿದ್ದ ಸಿಗ್ನೆಟಿಕ್ಸ್ ಕಂಪನಿನೇ ಇದನ್ನೂ 80ರ ದಶಕದಲ್ಲಿ ತಂದಿದ್ದು. ಸಿಗ್ನೆಟಿಕ್ಸ್ ಅಷ್ಟೊತ್ತಿಗೆ ಫಿಲಿಪ್ಸ್ ಕೈಯಲ್ಲಿತ್ತು, ಆಮೇಲೆ 2006ರಲ್ಲಿ ಅದು ಎನ್‌ಎಕ್ಸ್‌ಪಿ ಆಯ್ತು. ಕಾರ್ಡ್‌ಲೆಸ್ ಫೋನು, ಶುರುವಿನ ಕಾಲದ ಮೊಬೈಲು ಇಂಥವಕ್ಕೆ ಅಂತ ಮಾಡಿದ್ದು, ಆದ್ರೆ ಪ್ರಪಂಚದಾದ್ಯಂತ ಹ್ಯಾಮ್‌ಗಳು (ಹವ್ಯಾಸಿ ರೇಡಿಯೋದವರು) ಎತ್ಕೊಂಡು ಮುದ್ದಾಡಿದ್ರು. 4.5ರಿಂದ 8 ವೋಲ್ಟ್ ಕೊಟ್ರೆ ಸಾಕು, ಕುಡಿಯೋದು ಬರೀ 2.4 ಮಿಲಿಆಂಪ್, 500 ಮೆಗಾಹರ್ಟ್ಸ್‌ವರೆಗೆ ಸಿಗ್ನಲ್ ತಗೊಳತ್ತೆ, ಒಳಗಿನ ಆಸಿಲೇಟರ್ 200 ಮೆಗಾಹರ್ಟ್ಸ್‌ವರೆಗೆ ಓಡತ್ತೆ, ಜೊತೆಗೆ 17 ಡಿಬಿ ಗೇನ್ (ಸಿಗ್ನಲ್ ದೊಡ್ಡದು ಮಾಡೋ ಶಕ್ತಿ) ಬೇರೆ.

ತಗೊಳ್ಳೋ ಕಥೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಅಲ್ಲೇ ತುಂಬಾ ಜನ ಮೋಸ ಹೋಗ್ತಾರೆ. ಮೊದಲು ಆನ್‌ಲೈನಲ್ಲಿ ಒಬ್ಬ ಸೆಲ್ಲರ್ ಹತ್ರ ಐದು ಪೀಸ್ ತರಿಸ್ದೆ, ದಪ್ಪ ಕಾಲಿನ ಹಳೇ ಡಿಪ್ ಪ್ಯಾಕೇಜು, ಮೇಲೆ ಪ್ರಿಂಟ್ ಹೊಳೀತಾ ಇತ್ತು. ಐದರಲ್ಲಿ ಮೂರಕ್ಕೆ ಜೀವಾನೇ ಇಲ್ಲ. ಒಂದರಲ್ಲಿ ಉಗುರಲ್ಲಿ ಕೆರೆದ್ರೆ ಪ್ರಿಂಟೇ ಎದ್ದು ಬಂತು, ಕೆಳಗೆ ಬೇರೇನೋ ನಂಬರ್! ಆಮೇಲೆ ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಲ್ಲಿ ಮೂರ್ನಾಕು ಅಂಗಡಿ ಸುತ್ತಿದೆ. ಕೊನೆಗೆ ಒಂದು ಸಣ್ಣ ಅಂಗಡೀಲಿ ವಯಸ್ಸಾದ ಯಜಮಾನ್ರು, ‘ಡಿಪ್ ಬಿಟ್ಬಿಡಪ್ಪಾ, ಸಿಗೋದೆಲ್ಲ ಹಳೇ ಸ್ಟಾಕು ಇಲ್ಲಾ ಡೂಪ್ಲಿಕೇಟು, ಈ ಚಿಕ್ಕದನ್ನ ತಗೊಂಡು ಅಡಾಪ್ಟರ್ ಬೋರ್ಡಿಗೆ ಬೆಸುಗೆ ಹಾಕ್ಕೋ’ ಅಂದ್ರು. ‘ಕಣ್ಣು ಕಾಣಲ್ಲ ಸಾರ್ ಅಷ್ಟು ಚಿಕ್ಕದು’ ಅಂದ್ರೆ, ‘ನಂಗೇ ಕಾಣತ್ತೆ, ನಿಂಗ್ಯಾಕಪ್ಪಾ ಕಾಣಲ್ಲ’ ಅಂತ ಒಂದು ಪೀಸ್‌ಗೆ ಅವರೇ ಕೂತು ಬೆಸುಗೆ ಹಾಕಿ ತೋರಿಸಿದ್ರು. ಅವರ ಮಾತೇ ಸರಿ ಆಯ್ತು, ಆ ಚಿಕ್ಕ ಎಸ್‌ಎಂಡಿ ಪೀಸ್ ನಾಲ್ಕಕ್ಕೆ ನಾಲ್ಕೂ ಓಡಿದ್ವು.

ಅಸಲಿ ಹೌದೋ ಅಲ್ವೋ ನೋಡೋಕೆ ದೊಡ್ಡ ಮೀಟರ್ ಏನೂ ಬೇಡ. 8ನೇ ಕಾಲಿಗೆ 5 ಅಥವಾ 6 ವೋಲ್ಟ್, 3ನೇ ಕಾಲು ಗ್ರೌಂಡ್, ಮಧ್ಯೆ ಮಲ್ಟಿಮೀಟರ್ ಇಟ್ಟು ಕರೆಂಟ್ ನೋಡಿ, ಎರಡರಿಂದ ಮೂರು ಮಿಲಿಆಂಪ್ ಒಳಗೆ ಇದ್ರೆ ಅರ್ಧ ಧೈರ್ಯ. ಆಮೇಲೆ 1 ಮತ್ತೆ 2ನೇ ಕಾಲಲ್ಲಿ ತಲಾ ಸುಮಾರು 1.4 ವೋಲ್ಟ್ ಬರ್ಬೇಕು, ಎರಡೂ ಒಂದೇ ಥರ ಇರ್ಬೇಕು. ಈ ‘ಒಂದೇ ಥರ’ ಅನ್ನೋದನ್ನ ನೆನಪಿಟ್ಕೊಳ್ಳಿ, ಇಡೀ ಐಸಿಯ ಜೀವ ಇರೋದೇ ಅದರಲ್ಲಿ.

ಇದರ ಹೊಟ್ಟೆಯೊಳಗೆ ಕೂತಿರೋದು ಗಿಲ್ಬರ್ಟ್ ಸೆಲ್. ಬ್ಯಾರಿ ಗಿಲ್ಬರ್ಟ್ ಅಂತ, 1937ರಲ್ಲಿ ಇಂಗ್ಲೆಂಡಿನ ಬೋರ್ನ್‌ಮತ್‌ನಲ್ಲಿ ಹುಟ್ಟಿದವರು, 1964ರಲ್ಲಿ ಅಮೆರಿಕದ ಆರೆಗಾನ್‌ನ ಟೆಕ್ಟ್ರಾನಿಕ್ಸ್‌ಗೆ ಬಂದ್ರು, ಅದೇ ಆಸಿಲೋಸ್ಕೋಪ್ ಮಾಡೋ ಟೆಕ್ಟ್ರಾನಿಕ್ಸು. ಸ್ಕೋಪ್ ಅಂದ್ರೆ ಗೊತ್ತಲ್ಲ, ಒಳಗೆ ಹೋಗೋ ಸಿಗ್ನಲ್ ಎಷ್ಟೇ ವೇಗವಾಗಿದ್ರೂ ಆಕಾರ ಕೆಡಿಸದೆ ಪರದೆ ಮೇಲೆ ಹಾಕ್ಬೇಕು, ಡಿಸಿಯಿಂದ ಹಿಡಿದು ನೂರಾರು ಮೆಗಾಹರ್ಟ್ಸ್‌ವರೆಗೆ. ಆ ಕೆಲಸದಲ್ಲಿದ್ದಾಗಲೇ ಅವರು 1968ರ ಡಿಸೆಂಬರ್‌ನಲ್ಲಿ ಐಇಇಇಯ ಸಾಲಿಡ್ ಸ್ಟೇಟ್ ಸರ್ಕ್ಯೂಟ್ಸ್ ಜರ್ನಲ್‌ನಲ್ಲಿ ಒಂದು ಪೇಪರ್ ಹಾಕಿದ್ರು, ಎರಡು ಸಿಗ್ನಲ್‌ನ ಗುಣಿಸೋ ಸರ್ಕ್ಯೂಟು, ಪ್ಲಸ್ ಆಗ್ಲಿ ಮೈನಸ್ ಆಗ್ಲಿ ಎರಡೂ ಕಡೆ ಸರಿಯಾಗಿ ಗುಣಿಸತ್ತೆ, ಅದೂ ಒಂದು ನ್ಯಾನೋಸೆಕೆಂಡಿಗಿಂತ ಕಮ್ಮಿ ಟೈಮಲ್ಲಿ. 1968ರಲ್ಲಿ! ನಮ್ಮ ಮನೇಲಿ ಆಗ ವಾಲ್ವ್ ರೇಡಿಯೋ ಇತ್ತು ಅಂತ ಅಪ್ಪ ಹೇಳ್ತಾರೆ, ಅದು ಬಿಸಿಯಾಗಿ ಹಾಡೋಕೇ ಅರ್ಧ ನಿಮಿಷ ಬೇಕಿತ್ತಂತೆ.

ಸೆಲ್ ಹೇಗೆ ಕೆಲಸ ಮಾಡತ್ತೆ ಅನ್ನೋದನ್ನ ನಾನು ನಮ್ಮ ಮಂಡ್ಯದ ಕಡೆ ಗದ್ದೆ ಕಾಲುವೆ ಇಟ್ಕೊಂಡೇ ಅರ್ಥ ಮಾಡ್ಕೊಂಡಿದ್ದು. ಕೆಳಗಡೆ ಒಂದು ಜೋಡಿ ಟ್ರಾನ್ಸಿಸ್ಟರ್ ಇದೆ, ಅವೆರಡಕ್ಕೂ ಸೇರಿ ಬರೋ ಕರೆಂಟ್ ಒಂದೇ, ಫಿಕ್ಸು. ಆಂಟೆನಾದಿಂದ ಬಂದ ಸಿಗ್ನಲ್ ಎಡಕ್ಕೆ ವಾಲಿದ್ರೆ ಎಡಗಾಲುವೆಗೆ ಸ್ವಲ್ಪ ಜಾಸ್ತಿ ನೀರು, ಬಲಕ್ಕೆ ವಾಲಿದ್ರೆ ಬಲಗಾಲುವೆಗೆ ಜಾಸ್ತಿ. ಅದರ ಮೇಲೆ ನಾಲ್ಕು ಟ್ರಾನ್ಸಿಸ್ಟರ್, ಇವು ತೂಬು ಇದ್ದ ಹಾಗೆ, ಎರಡೆರಡು ಜೋಡಿ, ಅಡ್ಡಡ್ಡ ಕಟ್ಟಿದ್ದು. ಆಸಿಲೇಟರ್ ಹೇಳಿದ ಹಾಗೆ ಈ ತೂಬುಗಳು ಎಡಗಾಲುವೆ ನೀರನ್ನ ಒಂದ್ಸಲ ಎಡಗದ್ದೆಗೆ, ಮರುಕ್ಷಣ ಬಲಗದ್ದೆಗೆ ಬಿಡ್ತವೆ, ಬಲಗಾಲುವೆದು ಇದಕ್ಕೆ ಉಲ್ಟಾ. 7 ಮೆಗಾಹರ್ಟ್ಸ್ ಅಂದ್ರೆ ಸೆಕೆಂಡಿಗೆ 70 ಲಕ್ಷ ಸಲ ಈ ಅದಲು ಬದಲು ನಡೀಬೇಕು. ಕೊನೆಗೆ ಎರಡು ಗದ್ದೆ ನೀರಿನ ವ್ಯತ್ಯಾಸ ನೋಡಿದ್ರೆ ಅಲ್ಲಿ ಆಂಟೆನಾ ಸಿಗ್ನಲ್ಲೂ ಇಲ್ಲ, ಆಸಿಲೇಟರ್ ಸಿಗ್ನಲ್ಲೂ ಇಲ್ಲ, ಎರಡೂ ತಮ್ಮಷ್ಟಕ್ಕೆ ತಾವೇ ವಜಾ ಆಗೋಗಿರ್ತವೆ, ಉಳಿಯೋದು ಎರಡರ ಮೊತ್ತ ಮತ್ತೆ ವ್ಯತ್ಯಾಸ. ನಂಗೆ ಬೇಕಾಗಿರೋದು ಆ ವ್ಯತ್ಯಾಸ, ಅದೇ ಕಿವಿಗೆ ಕೇಳೋ ದನಿ.

ವಜಾ ಆಗೋದು ಅಂದ್ನಲ್ಲ, ಅದು ಆಗ್ಬೇಕಂದ್ರೆ ಎಡದ್ದೂ ಬಲದ್ದೂ ಅವಳಿ ಮಕ್ಕಳ ಥರ ಇರ್ಬೇಕು. ನಾನು ಮೊದಲು ಬಿಡಿ ಬಿಸಿ547 ಟ್ರಾನ್ಸಿಸ್ಟರ್ ಆರು ಹಾಕಿ ಇದೇ ಸರ್ಕ್ಯೂಟ್ ಮಾಡೋಕೆ ಹೋಗಿದ್ದೆ, ಒಂದು ಡಬ್ಬಿ ತುಂಬಾ ಟ್ರಾನ್ಸಿಸ್ಟರ್ ಸುರ್ಕೊಂಡು ಮೀಟರಲ್ಲಿ ಒಂದೊಂದೇ ಅಳೆದು ಜೋಡಿ ಮಾಡಿದ್ದೆ, ಆದ್ರೂ ಒಂದರ ಮೇಲೆ ಫ್ಯಾನ್ ಗಾಳಿ ಬಿದ್ರೆ ಸಾಕು ಬ್ಯಾಲೆನ್ಸ್ ಹೋಗೋದು. ಒಂದೇ ಸಿಲಿಕಾನ್ ಚೂರಿನ ಮೇಲೆ, ಕೂದಲೆಳೆಯಷ್ಟು ಹತ್ರ ಕೂತ ಟ್ರಾನ್ಸಿಸ್ಟರ್‌ಗಳಿಗೆ ಆ ಕಷ್ಟ ಇಲ್ಲ, ಒಟ್ಟಿಗೆ ಹುಟ್ಟಿದ್ವು, ಒಟ್ಟಿಗೇ ಬಿಸಿಯಾಗ್ತವೆ, ಒಟ್ಟಿಗೇ ತಣ್ಣಗಾಗ್ತವೆ. ಗಿಲ್ಬರ್ಟ್ ಅವರ ಕೆಲಸದಲ್ಲಿ ನಂಗೆ ದೊಡ್ಡದು ಅನ್ಸೋದು ಇದೇ. ಐಸಿ ಅಂದ್ರೆ ಬಿಡಿ ಸರ್ಕ್ಯೂಟನ್ನೇ ಚಿಕ್ಕದಾಗಿ ಮಾಡಿದ್ದು ಅಂತ ಅವರು ನೋಡಲಿಲ್ಲ, ಬಿಡಿ ಪಾರ್ಟ್‌ಗಳಲ್ಲಿ ಮಾಡೋಕೇ ಆಗದೇ ಇರೋದನ್ನ ಈ ಅವಳಿತನ ಇಟ್ಕೊಂಡು ಕಟ್ಟಿದ್ರು. ಟ್ರಾನ್ಸಿಸ್ಟರಿನ ಟ್ರಾನ್ಸ್‌ಕಂಡಕ್ಟೆನ್ಸ್ (ಇನ್‌ಪುಟ್ ವೋಲ್ಟೇಜ್ ಸ್ವಲ್ಪ ಬದಲಾದ್ರೆ ಕರೆಂಟ್ ಎಷ್ಟು ಬದಲಾಗತ್ತೆ ಅನ್ನೋದು) ಅದರೊಳಗೆ ಹರಿಯೋ ಕರೆಂಟಿಗೆ ನೇರ ಅನುಪಾತದಲ್ಲಿರತ್ತೆ ಅನ್ನೋ ಒಂದು ಗುಣ ಹಿಡ್ಕೊಂಡು ಇಡೀ ಒಂದು ಸರ್ಕ್ಯೂಟ್ ಕುಟುಂಬಾನೇ ಬೆಳೆಸಿದ್ರು, 1975ರಲ್ಲಿ ಅದಕ್ಕೆ ಟ್ರಾನ್ಸ್‌ಲೀನಿಯರ್ ಅಂತ ಹೆಸರಿಟ್ರು. ಆಮೇಲೆ ಅನಲಾಗ್ ಡಿವೈಸಸ್ ಕಂಪನಿ ಸೇರಿ ಆರೆಗಾನ್‌ನಲ್ಲೇ ಅದರ ಡಿಸೈನ್ ಸೆಂಟರ್ ನಡೆಸ್ಕೊಂಡು 2020ರಲ್ಲಿ ತೀರ್ಕೊಳ್ಳೋವರೆಗೂ ಇದೇ ಲೋಕದಲ್ಲಿದ್ರು.

ಇನ್ನೊಂದು ವಿಷಯ, ಇದು ಅವರ ಮೇಲೆ ನಂಗೆ ಗೌರವ ಜಾಸ್ತಿ ಮಾಡಿದ್ದು. ಇವತ್ತು ಎಲ್ಲಾ ಪುಸ್ತಕದಲ್ಲೂ ಗಿಲ್ಬರ್ಟ್ ಮಿಕ್ಸರ್ ಅಂತಾನೇ ಹೆಸರು, ಆದ್ರೆ ಮಿಕ್ಸರ್ ಥರ ಈ ಜೋಡಣೆನ ತನಗಿಂತ ಮುಂಚೆ ಹೊವರ್ಡ್ ಜೋನ್ಸ್ ಅನ್ನೋರು ಮಾಡಿದ್ರು, 1963ರಲ್ಲೇ ಪೇಟೆಂಟಿಗೆ ಹಾಕಿದ್ರು ಅನ್ನೋದನ್ನ ಗಿಲ್ಬರ್ಟ್ ಅವರೇ ಒಪ್ಕೊಂಡು ಹೇಳ್ತಿದ್ರು. ನೂರಕ್ಕಿಂತ ಹೆಚ್ಚು ಪೇಟೆಂಟ್ ಇಟ್ಕೊಂಡೋರು ತಮ್ಮ ಹೆಸರಲ್ಲಿ ಓಡಾಡ್ತಿರೋ ಸರ್ಕ್ಯೂಟ್ ಬಗ್ಗೆ ಹೀಗೆ ಹೇಳೋದು ಸಣ್ಣ ಮಾತಲ್ಲ. ಹಾಗೇ ಎನ್‌ಇ602ನ ಗಿಲ್ಬರ್ಟ್ ಡಿಸೈನ್ ಮಾಡಿಲ್ಲ, ಅದು ಸಿಗ್ನೆಟಿಕ್ಸ್‌ನೋರ ಕೆಲಸ. ಒಳಗಿರೋದು ಅವರ ಸೆಲ್ಲು ಅಂತ ಡೇಟಾಶೀಟ್‌ನಲ್ಲೇ ಬರೆದಿದ್ದಾರೆ.

ಸರಿ, ಬಳಕೆಗೆ ಬರೋಣ. ನಾನು ಮಾಡಿದ್ದು 40 ಮೀಟರ್ ಬ್ಯಾಂಡಿನ ಡೈರೆಕ್ಟ್ ಕನ್ವರ್ಷನ್ (ಆಂಟೆನಾ ಸಿಗ್ನಲ್‌ನ ಒಂದೇ ಸಲಕ್ಕೆ ಕಿವಿಗೆ ಕೇಳೋ ದನಿ ಮಾಡೋ) ರಿಸೀವರು, 7.0ರಿಂದ 7.2 ಮೆಗಾಹರ್ಟ್ಸ್, ನಮ್ಮ ದೇಶದ ಹ್ಯಾಮ್‌ಗಳು ಬೆಳಗ್ಗೆ ಬೆಳಗ್ಗೆ ಸಿಗೋ ಜಾಗ. ಎಸ್‌ಎ612 ಒಂದು, ದನಿ ದೊಡ್ಡದು ಮಾಡೋ ಎಲ್‌ಎಂ386 ಒಂದು, ಅಷ್ಟೇ ಎರಡು ಐಸಿ. ಇನ್‌ಪುಟ್ಟಿಗೆ ಹಳೇ ಎಫ್‌ಎಂ ರೇಡಿಯೋದ 10.7 ಮೆಗಾಹರ್ಟ್ಸ್ ಐಎಫ್‌ಟಿ (ಕಾಯಿಲ್ಲು, ಕೆಪ್ಯಾಸಿಟರ್ ಸೇರಿರೋ ಪುಟ್ಟ ಡಬ್ಬಿ), ಅದರೊಳಗೆ ಇರೋ ಕೆಪ್ಯಾಸಿಟರಿನ ಸುಮಾರು 1.3 ಪಟ್ಟು ಹೊರಗಡೆ ಸೇರಿಸಿದ್ರೆ 7ಕ್ಕೆ ಇಳಿಯತ್ತೆ. ಟ್ಯೂನಿಂಗಿಗೆ ಪಾಕೆಟ್ ರೇಡಿಯೋದ ಪ್ಲಾಸ್ಟಿಕ್ ಗ್ಯಾಂಗು (ತಿರುಗಿಸೋ ಕೆಪ್ಯಾಸಿಟರ್). 6 ಮತ್ತೆ 7ನೇ ಕಾಲಿಗೆ ಕಾಯಿಲ್ಲು, ಎರಡು ಕೆಪ್ಯಾಸಿಟರ್ ಹಾಕಿದ್ರೆ ಆಸಿಲೇಟರ್ ರೆಡಿ. 4 ಮತ್ತೆ 5ನೇ ಕಾಲಿಂದ ಎರಡು ಕೆಪ್ಯಾಸಿಟರಲ್ಲಿ ಸೀದಾ 386ರ ಎರಡೂ ಇನ್‌ಪುಟ್ಟಿಗೆ. ಒಂದೇ ಕಾಲಿಂದ ತಗೊಂಡ್ರೂ ಓಡತ್ತೆ, ಆದ್ರೆ ಎರಡರಿಂದ ತಗೊಳ್ಳಿ, ಬ್ಯಾಲೆನ್ಸಿಗೆ ಅಂತ ಕಟ್ಟಿರೋ ಸರ್ಕ್ಯೂಟನ್ನ ಅರ್ಧ ಬಳಸೋದು ಬೇಡ. ಆಂಟೆನಾ ಅಂದ್ರೆ ಟೆರೇಸ್ ಮೇಲಿಂದ ತೆಂಗಿನ ಮರಕ್ಕೆ ಕಟ್ಟಿದ ಡೈಪೋಲು, ಒಂದೊಂದು ಕಡೆ ಹತ್ತು ಮೀಟರ್ ತಂತಿ.

ಒಂದು ತಪ್ಪು ಮಾಡಿದೆ, ನೀವು ಮಾಡ್ಬೇಡಿ. 386ಕ್ಕೆ 12 ವೋಲ್ಟ್ ಕೊಟ್ಟಿದ್ದೆ, ಅದೇ ತಂತಿನ ಇದಕ್ಕೂ ಎಳೆದ್ಬಿಟ್ಟೆ. ಇದರ ಮಿತಿ 9 ವೋಲ್ಟು, ಅದರ ಮೇಲೆ ಹೋದ್ರೆ ಸಾಯತ್ತೆ. ಹೊಗೆ ಇಲ್ಲ, ವಾಸನೆ ಇಲ್ಲ, ಸುಮ್ನೆ ಸತ್ತುಹೋಯ್ತು, ಅರ್ಧ ದಿನ ಬೇರೆ ಕಡೆಯೆಲ್ಲ ತಪ್ಪು ಹುಡುಕ್ತಿದ್ದೆ. 5 ವೋಲ್ಟ್ ಮಾತ್ರ ಬಿಡೋ ಒಂದು 78ಎಲ್05 ರೆಗ್ಯುಲೇಟರ್ ಹಾಕ್ಬಿಡಿ, ತಲೆನೋವೇ ಇಲ್ಲ.

ಮೊದಲ ಸಲ ಕೇಳಿಸಿದ ಆ ಬೆಳಗ್ಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಆರೂವರೆ ಇರ್ಬೇಕು, ಅಮ್ಮ ಕಾಫಿ ತಂದಿಟ್ಟಿದ್ರು, ಗ್ಯಾಂಗ್ ತಿರುಗಿಸ್ತಾ ಇದ್ದೆ, ಬಾತುಕೋಳಿ ಥರ ಕ್ವಾಕ್ ಕ್ವಾಕ್ ಅಂತಿದ್ದ ದನಿ ಒಂದು ಕೂದಲೆಳೆಯಷ್ಟು ತಿರುಗಿಸಿದ ತಕ್ಷಣ ಮನುಷ್ಯನ ದನಿ ಆಗ್ಬಿಡ್ತು, ಯಾರೋ ಒಬ್ರು ಇನ್ನೊಬ್ರಿಗೆ ಸಿಗ್ನಲ್ ರಿಪೋರ್ಟ್ ಕೊಡ್ತಿದ್ರು, ಹಿಂದಿನ ದಿನ ಮಳೆ ಬಂತು ಅಂತ ಹೇಳ್ತಿದ್ರು. ಅಮ್ಮಂಗೆ ಹೆಡ್‌ಫೋನ್ ಕೊಟ್ಟೆ, ‘ಇದು ಇಂಟರ್‌ನೆಟ್ಟಾ?’ ಅಂದ್ರು. ಇಲ್ಲಮ್ಮಾ, ಆ ತೆಂಗಿನ ಮರದ ತಂತಿ ಅಂದೆ, ಅವರು ಕಿಟಕಿಯಿಂದ ಮರ ನೋಡ್ತಾ ಕೇಳಿಸ್ಕೊಳ್ತಾನೇ ಇದ್ರು. ಸುಮ್ನಿದ್ದಾಗ ಇಡೀ ರಿಸೀವರ್ ಎಳೆಯೋದು ಹತ್ತು ಮಿಲಿಆಂಪ್ ಆಸುಪಾಸು, 9 ವೋಲ್ಟಿನ ಒಂದು ಚಿಕ್ಕ ಬ್ಯಾಟರೀಲಿ ಓಡತ್ತೆ. (ಕೇಳೋದಷ್ಟೇ ನೋಡಿ ಇದು, ವಾಪಸ್ ಮಾತಾಡ್ಬೇಕಂದ್ರೆ ಪರೀಕ್ಷೆ ಬರೆದು ಲೈಸೆನ್ಸ್ ತಗೊಳ್ಳಲೇಬೇಕು.)

ಈಗ ಕಷ್ಟಗಳು. ಒಂದು, ಒಳಗಿನ ಆಸಿಲೇಟರ್ ಸಣ್ಣಗೆ ಜರುಗತ್ತೆ. ಇದು ಐಸಿ ತಪ್ಪಿಗಿಂತ ಕಾಯಿಲ್ಲು, ಕೆಪ್ಯಾಸಿಟರ್‌ಗಳ ತಪ್ಪು, ಬಿಸಿಗೆ ಬೆಲೆ ಅಷ್ಟಾಗಿ ಬದಲಾಗದ ಎನ್‌ಪಿ0 ಕೆಪ್ಯಾಸಿಟರ್ ಹಾಕಿ ಡಬ್ಬಿ ಮುಚ್ಚಿದ್ರೆ ಬಹಳ ಸುಧಾರಿಸತ್ತೆ. ನಾನು ಆರು ತಿಂಗಳಾದ್ಮೇಲೆ ಬೇಕಾದ ಫ್ರೀಕ್ವೆನ್ಸಿ ಹುಟ್ಟಿಸೋ ಎಸ್‌ಐ5351 ಮಾಡ್ಯೂಲ್, ಅದನ್ನ ನಡೆಸೋಕೆ ಒಂದು ಆರ್ಡುಯಿನೋ ಬೋರ್ಡ್ ಹಾಕಿ ಹೊರಗಿಂದಾನೇ ಆಸಿಲೇಟರ್ ಸಿಗ್ನಲ್ ಕೊಟ್ಟೆ, 6ನೇ ಕಾಲಿಗೆ ಒಂದು ಕೆಪ್ಯಾಸಿಟರ್ ಮೂಲಕ, 200 ಮಿಲಿವೋಲ್ಟ್ ಪೀಕ್ ಟು ಪೀಕ್‌ಗಿಂತ ಸ್ವಲ್ಪ ಮೇಲೆ ಇದ್ರೆ ಸಾಕು. ಮಾಡ್ಯೂಲಿನ ಔಟ್‌ಪುಟ್ ಇದಕ್ಕಿಂತ ತುಂಬಾ ಜಾಸ್ತಿ, ರೆಸಿಸ್ಟರ್ ಹಾಕಿ ತಗ್ಗಿಸಿ.

ಎರಡನೇ ಕಷ್ಟ ನಿಜವಾದ ಕಷ್ಟ. ಸಂಜೆ ಏಳಾದ್ರೆ 7.2ರ ಮೇಲೆ ಶುರುವಾಗೋ ಬ್ರಾಡ್‌ಕಾಸ್ಟ್ ಬ್ಯಾಂಡ್ ಎದ್ದೇಳತ್ತೆ, ಹೊರದೇಶದ ಶಾರ್ಟ್‌ವೇವ್ ಸ್ಟೇಷನ್‌ಗಳು ಭಾರೀ ಪವರಲ್ಲಿ ಬರ್ತವೆ. ಆಗ ನಾನು ಎಲ್ಲಿಗೆ ಟ್ಯೂನ್ ಮಾಡಿದ್ರೂ ಹಿಂದುಗಡೆ ಅದೇ ಹಾಡು, ಅದೇ ಮಾತು, ಗ್ಯಾಂಗ್ ತಿರುಗಿಸಿದ್ರೂ ಹೋಗಲ್ಲ. ಮೊದಮೊದಲು ನನ್ನ ಬೆಸುಗೆ ಸರಿ ಇಲ್ಲ ಅಂದ್ಕೊಂಡೆ, ಒಂದು ವಾರ ಬೋರ್ಡ್ ಬಿಚ್ಚಿ ಕಟ್ಟಿದೆ. ಆಮೇಲೆ ಮೈಸೂರಿನ ಹಿರಿಯ ಹ್ಯಾಮ್ ಒಬ್ರಿಗೆ ಫೋನ್ ಮಾಡಿದಾಗ, ‘ಓಎಂ (ಹ್ಯಾಮ್‌ಗಳು ಒಬ್ರನ್ನೊಬ್ರು ಕರೆಯೋ ರೀತಿ), ಕೆಳಗಿನ ಜೋಡಿ ಎಷ್ಟು ಮಿಲಿವೋಲ್ಟ್ ತಡ್ಕೊಳ್ಳತ್ತೆ ಅಂತ ಲೆಕ್ಕ ಹಾಕಿ ನೋಡಿ’ ಅಂದ್ರು, ಬೇರೇನೂ ಹೇಳಲಿಲ್ಲ.

ಲೆಕ್ಕ ಹಾಕಿದೆ. ಟ್ರಾನ್ಸಿಸ್ಟರ್ ಜೋಡಿಯ ಲೋಕದಲ್ಲಿ ಅಳತೆಗೋಲು 26 ಮಿಲಿವೋಲ್ಟು, ರೂಮಿನ ಬಿಸಿಗೆ ಸಿಲಿಕಾನ್ ಕೊಡೋ ಸಂಖ್ಯೆ ಅದು. ಅದಕ್ಕಿಂತ ತುಂಬಾ ಚಿಕ್ಕ ಸಿಗ್ನಲ್ ಬಂದ್ರೆ ಕಾಲುವೆ ನೀರು ಸರಿಯಾದ ಪಾಲಲ್ಲಿ ಹಂಚಿಕೆ ಆಗತ್ತೆ, ಅದರ ಹತ್ರ ಬಂತಂದ್ರೆ ಒಂದು ಕಾಲುವೆ ಪೂರ್ತಿ ತುಂಬ್ಕೊಳ್ಳೋಕೆ ಶುರುವಾಗತ್ತೆ, ಅಲ್ಲಿಂದಾಚೆ ಡೊಂಕು. ಡೇಟಾಶೀಟ್‌ನಲ್ಲಿ ಇದನ್ನೇ ಮೂರನೇ ಆರ್ಡರ್ ಇಂಟರ್‌ಸೆಪ್ಟ್ (ಜೋರು ಸಿಗ್ನಲ್‌ನ ಡೊಂಕಾಗದೆ ಎಷ್ಟು ತಡ್ಕೊಳ್ಳತ್ತೆ ಅನ್ನೋದರ ಅಳತೆ) ಮೈನಸ್ 13 ಡಿಬಿಎಂ ಅಂತ ಬರೆದಿರೋದು, ಅಂದ್ರೆ ಬರೀ 50 ಮೈಕ್ರೋವ್ಯಾಟು. ಅನಲಾಗ್ ಡಿವೈಸಸ್‌ನ ಎಡಿ831 ಅನ್ನೋ ಮಿಕ್ಸರಿಗೆ ಇದೇ ಸಂಖ್ಯೆ ಪ್ಲಸ್ 24 ಡಿಬಿಎಂ, ಲೆಕ್ಕದಲ್ಲಿ 5000 ಪಟ್ಟು ಹೆಚ್ಚು, ಆದ್ರೆ ಅದು ಎಳೆಯೋ ಕರೆಂಟ್ ಹತ್ರಹತ್ರ 100 ಮಿಲಿಆಂಪ್. 2.4 ಮಿಲಿಆಂಪ್ ಕುಡಿದು ಬ್ಯಾಟರಿ ಫೋನಲ್ಲಿ ಹೆಚ್ಚು ಹೊತ್ತು ಓಡ್ಲಿ ಅಂತ ಮಾಡಿದ ಐಸಿಗೆ ಆ ಶಕ್ತಿ ಬರಲ್ಲ, ಅದು ಅನ್ಯಾಯದ ನಿರೀಕ್ಷೆ. ನಂಗೆ ಖುಷಿ ಆಗಿದ್ದು ಏನಂದ್ರೆ, ಸೆಲ್ಲಿನ ಈ ಕೆಳಗಿನ ಜೋಡಿನೇ ದುರ್ಬಲ ಜಾಗ ಅನ್ನೋದು ಗಿಲ್ಬರ್ಟ್ ಅವರಿಗೆ ಚೆನ್ನಾಗಿ ಗೊತ್ತಿತ್ತು. 1968ರ ಗುಣಕದಲ್ಲೇ ಸಿಗ್ನಲ್‌ನ ಮೊದಲೇ ಬೇಕಂತ ಡೊಂಕು ಮಾಡಿ ಆಮೇಲೆ ನೆಟ್ಟಗಾಗೋ ಹಾಗೆ ಒಂದು ಉಪಾಯ ಇಟ್ಟಿದ್ರು, 1997ರಲ್ಲಿ ಆ ಕೆಳಗಿನ ಜೋಡಿನೇ ತೆಗೆದು ಬೇರೆ ಥರದ ಇನ್‌ಪುಟ್ ಇಟ್ಟು ಮೈಕ್ರೋಮಿಕ್ಸರ್ ಅಂತ ಹೊಸದೊಂದು ಕೊಟ್ರು. ಸುಮಾರು ಮೂವತ್ತು ವರ್ಷ ಆದ್ಮೇಲೂ ತನ್ನ ಹೆಸರಿರೋ ಸರ್ಕ್ಯೂಟಿನ ಕುಂದನ್ನ ತಾನೇ ಹುಡುಕಿ ತಿದ್ದೋದು, ಇಂಥ ಕೆಲಸಗಾರ್ರನ್ನ ನೋಡಿದ್ರೆ ಕೈ ಮುಗಿಯೋಣ ಅನ್ಸತ್ತೆ.

ನನ್ನ ಪರಿಹಾರ ಸುಲಭದ್ದು: ಆಂಟೆನಾ ಬರೋ ಜಾಗದಲ್ಲಿ 1ಕೆ ಪಾಟ್ (ತಿರುಗಿಸೋ ರೆಸಿಸ್ಟರ್) ಒಂದು, ಸಿಗ್ನಲ್‌ನ ಅಲ್ಲೇ ಇಳಿಸೋಕೆ. ಎಲ್ರೂ ಮೊದಲು ವಾಲ್ಯೂಮ್ ಕಮ್ಮಿ ಮಾಡ್ತಾರೆ, ಅದರಿಂದ ಏನೂ ಆಗಲ್ಲ, ಡೊಂಕು ಆಗೋದು ಅದಕ್ಕೂ ಮುಂಚೆ. ಸಿಗ್ನಲ್ ಇಳಿಸಿದ್ರೆ ಸಣ್ಣ ಸ್ಟೇಷನ್ ಕಳ್ಕೋತೀವಾ ಅಂದ್ರೆ, 7 ಮೆಗಾಹರ್ಟ್ಸ್‌ನಲ್ಲಿ ಆಕಾಶದ ಗದ್ದಲವೇ ಐಸಿಯ ಸ್ವಂತ ಗದ್ದಲಕ್ಕಿಂತ ಎಷ್ಟೋ ಜಾಸ್ತಿ, ಹಂಗಾಗಿ ಸ್ವಲ್ಪ ಇಳಿಸಿದ್ರೆ ನಷ್ಟ ಇಲ್ಲ. ಜೊತೆಗೆ ಇನ್‌ಪುಟ್ಟಲ್ಲಿ ಒಂದರ ಬದಲು ಎರಡು ಐಎಫ್‌ಟಿ ಹಾಕಿದೆ, ಅದೂ ಒಳ್ಳೇದಾಯ್ತು.

ಬೇರೇವುಗಳ ಜೊತೆ ಹೋಲಿಸಿ ಅಂದ್ರೆ, ಕಾಲೇಜಿನ ಕಮ್ಯುನಿಕೇಶನ್ ಲ್ಯಾಬಲ್ಲಿ ನಾವು ಬಳಸಿದ್ದ ಎಂಸಿ1496 ಒಳಗೂ ಇದೇ ಸೆಲ್ ಇದೆ, ಕ್ಯಾರಿಯರ್ (ದನಿ ಹೊತ್ತು ತರೋ ರೇಡಿಯೋ ಅಲೆ) ಅಳಿಸೋದ್ರಲ್ಲಿ ಅದು ಪಳಗಿದ ಕೈ, ಆದ್ರೆ ಸುತ್ತ ಬಯಾಸ್ ರೆಸಿಸ್ಟರ್‌ಗಳನ್ನೆಲ್ಲ ನಾವೇ ಹಾಕ್ಬೇಕು, ಹೊಸಬರು ಅಲ್ಲೇ ಸುಸ್ತಾಗ್ತಾರೆ. ಹೈದರಾಬಾದಿನ ಅಶರ್ ಫರ್ಹಾನ್ ಅವರ ಬಿಟ್‌ಎಕ್ಸ್ ಅನ್ನೋ ಟ್ರಾನ್ಸೀವರ್ (ಕೇಳೋದು, ಮಾತಾಡೋದು ಎರಡೂ ಆಗೋ ರೇಡಿಯೋ) ಬೇರೆ ದಾರಿ ಹಿಡಿದಿದ್ದು, ನಮ್ಮ ದೇಶದಲ್ಲಿ ಸುಲಭಕ್ಕೆ ಸಿಗೋ ಟ್ರಾನ್ಸಿಸ್ಟರು, ಡಯೋಡ್ ಮಿಕ್ಸರು, ನಲ್ಲಿ ವಾಷರ್ ಮೇಲೆ ಸುತ್ತಿದ ಕಾಯಿಲ್ಲು, ಮಾತಾಡೋದೂ ಅದರಲ್ಲೇ ಆಗತ್ತೆ. ಪೂರ್ತಿ ಟ್ರಾನ್ಸೀವರ್ ಬೇಕಂದ್ರೆ ಅದಕ್ಕೇ ಹೋಗಿ. ಒಂದು ಭಾನುವಾರದಲ್ಲಿ ಎರಡು ಐಸಿ ಹಾಕಿ ಊರೂರಿನ ದನಿ ಕೇಳ್ಬೇಕಂದ್ರೆ ಎಸ್‌ಎ612.

ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ಒಂದು ಕಮ್ಮಿ ಮಾಡಿದ್ದು ಸಂಜೆ ಹೊತ್ತಿಗೆ. ನನ್ನ ಹತ್ರ ಎಸ್‌ಎಂಡಿ ಪೀಸ್ ಎರಡು ಉಳಿದಿವೆ, ದೀಪಾವಳಿ ರಜೆಗೆ ಅಕ್ಕನ ಮಗ ಬರ್ತಾನೆ, ಒಂದಕ್ಕೆ ಬೆಸುಗೆ ಅವನ ಕೈಲೇ ಹಾಕಿಸ್ಬೇಕು ಅಂತಿದೀನಿ, ಭೂತಗನ್ನಡಿ ತೆಗೆದಿಟ್ಟಿದೀನಿ.